ಹನ್ನೆರಡು ದಿನದ ಬಾಟಲಿ

ಆ ಹುಡುಗಿಯ ಫೈಲಿನಲ್ಲಿ ಎರಡು ರಕ್ತ ಪರೀಕ್ಷೆಯ ವರದಿಗಳಿದ್ದವು. ಒಂದರ ಪ್ರಕಾರ ಅವಳ ರಕ್ತದಲ್ಲಿ ಮೂರ್ಛೆರೋಗದ ಔಷಧ ಇರಬೇಕಾದ್ದಕ್ಕಿಂತ ಬಹಳ ಕಡಿಮೆ ಇತ್ತು. ಎಂಟು ದಿನಗಳ ನಂತರದ ಇನ್ನೊಂದರ ಪ್ರಕಾರ ಮೈಗೆ ವಿಷವಾಗುವಷ್ಟು ಹೆಚ್ಚಾಗಿತ್ತು. ಬರೆದುಕೊಟ್ಟ ಪ್ರಮಾಣ ಮಾತ್ರ ಎರಡೂ ಸಲ ಒಂದೇ: ಬೆಳಿಗ್ಗೆ ಎಂಟು ಮಿಲಿ, ರಾತ್ರಿ ಎಂಟು ಮಿಲಿ.

ಮಕ್ಕಳ ನರರೋಗದ ಡಾಕ್ಟರು ಆ ಕಾಗದಗಳನ್ನು ಔಷಧ ವಿಭಾಗಕ್ಕೆ ತಾವೇ ತಂದು ನನ್ನ ಮೇಜಿನ ಮೇಲಿಟ್ಟರು. ಅವರು ಮೈಸೂರು ಕಡೆಯವರು, ಬೆಳಗಾವಿಗೆ ಬಂದು ಎರಡು ವರ್ಷವಾಗಿತ್ತು.

"ನೋಡಿ ಮೇಡಂ, ಈ ತಾಯಿ ಕೆಲವು ದಿನ ಔಷಧ ಕೊಡ್ತಿಲ್ಲ. ಫಿಟ್ಸ್ ಬಂದ ತಕ್ಷಣ ಗಾಬರಿಯಾಗಿ ಎರಡರಷ್ಟು ಕುಡಿಸ್ತಾರೆ. ನಾನು ಕೇಳಿದ್ರೆ ಅಳ್ತಾರೆ, ಏನೂ ಹೇಳಲ್ಲ. ನೀವು ನಿಮ್ಮ ಮಾತಲ್ಲಿ ಒಮ್ಮೆ ವಿಚಾರಿಸಿ. ಹೀಗೇ ಇದ್ರೆ ಎರಡನೇ ಔಷಧ ಸೇರಿಸ್ಬೇಕಾಗುತ್ತೆ."

ಫೈಲಿನ ಒಳಪುಟದಲ್ಲಿ ಅವರು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಿದ್ದರು: ತಾಯಿ ಔಷಧವನ್ನು ಕ್ರಮವಾಗಿ ಕೊಡುತ್ತಿಲ್ಲ. ಇಂಥ ಸಾಲು ಒಮ್ಮೆ ಫೈಲಿಗೆ ಬಿದ್ದರೆ ಮುಂದೆ ನೋಡುವ ಪ್ರತಿಯೊಬ್ಬರೂ ಅದನ್ನು ಓದಿಕೊಂಡೇ ಆ ತಾಯಿಯ ಮುಖ ನೋಡುತ್ತಾರೆ.

ಹುಡುಗಿಗೆ ಎಂಟು ವರ್ಷ, ತೂಕ ಹತ್ತೊಂಬತ್ತು ಕಿಲೊ. ಖಾನಾಪುರ ತಾಲ್ಲೂಕಿನ ಪಾರಿಶ್ವಾಡದಿಂದ ತಾಯಿಯ ಜೊತೆ ಬರುತ್ತಿದ್ದಳು. ಅಪ್ಪ ಬೆಳಗಾವಿಯ ಫೌಂಡ್ರಿಯೊಂದರಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಊರಿಗೆ ಹೋಗುತ್ತಿದ್ದ. ಮನೆಯಲ್ಲಿ ತಾಯಿ, ಅವಳ ಅತ್ತೆ, ಈ ಮಗಳು. ಐದು ವರ್ಷದವಳಿದ್ದಾಗ ಜ್ವರದ ಗುಳಿಗೆಯೊಂದು ಗಂಟಲಲ್ಲಿ ಸಿಕ್ಕಿಕೊಂಡು ಹೆದರಿದ್ದ ಹುಡುಗಿ ಆಮೇಲೆ ಗುಳಿಗೆಯನ್ನು ಬಾಯಿಗೇ ಇಟ್ಟಿರಲಿಲ್ಲ. ಹಾಗಾಗಿ ಅವಳಿಗೆ ಫೆನಿಟೋಯಿನ್ ಎಂಬ ಔಷಧವನ್ನು ಗುಲಾಬಿ ಬಣ್ಣದ ದ್ರವರೂಪದಲ್ಲಿ ಕೊಡುತ್ತಿದ್ದೆವು.

ಫೆನಿಟೋಯಿನ್ ಹಳೆಯ ಔಷಧ, ಒಳ್ಳೆಯ ಔಷಧ, ಆದರೆ ಸಲಿಗೆ ಸಹಿಸದ ಔಷಧ. ರಕ್ತದಲ್ಲಿ ಅದರ ಮಟ್ಟ ಹತ್ತರಿಂದ ಇಪ್ಪತ್ತರ ನಡುವೆ ಇರಬೇಕು. ಹತ್ತಕ್ಕಿಂತ ಕೆಳಗಿಳಿದರೆ ಫಿಟ್ಸ್ ಮರಳಬಹುದು. ಇಪ್ಪತ್ತು ದಾಟಿದರೆ ಕಣ್ಣುಗುಡ್ಡೆ ಅದುರುತ್ತದೆ, ಮಾತು ತೊದಲುತ್ತದೆ, ಕುಡಿದವರ ಹಾಗೆ ಕಾಲು ಓಲುತ್ತದೆ. ಯಕೃತ್ತು ಇದನ್ನು ಒಂದು ಮಿತಿಯವರೆಗೆ ಮಾತ್ರ ಕರಗಿಸಿ ಹೊರಹಾಕಬಲ್ಲದು. ಆ ಮಿತಿ ಮುಟ್ಟಿದ ಮೇಲೆ ಒಂದು ಚೂರು ಹೆಚ್ಚು ಕೊಟ್ಟರೂ ರಕ್ತದ ಮಟ್ಟ ಒಮ್ಮೆಲೇ ಮೇಲಕ್ಕೆ ನೆಗೆಯುತ್ತದೆ. ಆ ಹುಡುಗಿಯ ಮೊದಲ ವರದಿಯಲ್ಲಿ ಆರು ಇತ್ತು, ಎರಡನೆಯದರಲ್ಲಿ ಇಪ್ಪತ್ತಾರು.

ತಾಯಿ-ಮಗಳನ್ನು ಕೌಂಟರಿನ ಹಿಂದಿನ ಸಣ್ಣ ಕೋಣೆಗೆ ಕರೆದೆ. ತಾಯಿಗೆ ಇಪ್ಪತ್ತೆಂಟು ಇಪ್ಪತ್ತೊಂಬತ್ತು ಇರಬಹುದು. ಕುರ್ಚಿಯ ತುದಿಯಲ್ಲಿ ಕೂತಳು.

"ಔಷಧ ದಿನಾ ಎಷ್ಟೊತ್ತಿಗೆ ಕೊಡ್ತೀರಿ?"

"ಮುಂಜಾನೆ ಏಳಕ್ಕ, ರಾತ್ರಿ ಎಂಟಕ್ಕ ರೀ. ಗಡಿಯಾರ ನೋಡೇ ಕೊಡ್ತೇನಿ."

"ಒಂದಿನಾನೂ ತಪ್ಪಿಲ್ಲ?"

ಅವಳು ನನ್ನನ್ನೇ ನೋಡಿದಳು. "ನೀವೂ ಅದನ್ನ ಕೇಳ್ರಿ ಬಾಯಾರ. ಡಾಕ್ಟರ್ ಸಾಹೇಬ್ರು ಕೇಳಿದ್ರು, ನರ್ಸ್ ಬಾಯಾರು ಕೇಳಿದ್ರು, ಮನ್ಯಾಗ ಅತ್ತಿನೂ ಕೇಳ್ತಾರ. ನನ್ನ ಮಗಳಿಗೆ ನಾ ಔಷಧ ಕೊಡೂದಿಲ್ಲೇನ್ರಿ?"

ಖಾಲಿ ಬಾಟಲಿಗೆ ನೀರು ತುಂಬಿ, ಅಳತೆಯ ಮುಚ್ಚಳ ಕೊಟ್ಟು, ಎಂಟು ಮಿಲಿ ಹಾಕಿ ತೋರಿಸಲು ಹೇಳಿದೆ. ಅವಳು ಮುಚ್ಚಳವನ್ನು ಮೇಜಿನ ಮೇಲೆ ಸಮನಾಗಿಟ್ಟು, ತಾನು ಬಗ್ಗಿ ಗೆರೆಯ ನೇರಕ್ಕೆ ಕಣ್ಣಿಟ್ಟು ಸುರಿದಳು. ನಾನು ಅದನ್ನು ಸಿರಿಂಜಿಗೆ ಎಳೆದು ನೋಡಿದೆ. ಎಂಟು ಮಿಲಿ ಸರಿಯಾಗಿತ್ತು. ಇನ್ನೂ ಎರಡು ಸಲ ಮಾಡಿಸಿದೆ. ಎರಡೂ ಸಲ ಎಂಟೇ. ನಮ್ಮಲ್ಲಿ ತರಬೇತಿಗೆ ಬರುವ ವಿದ್ಯಾರ್ಥಿಗಳೂ ಇಷ್ಟು ಚೊಕ್ಕ ಅಳೆಯುವುದಿಲ್ಲ.

ಆಮೇಲೆ ಅವಳು ಚೀಲದಿಂದ ಸುರುಳಿ ಸುತ್ತಿದ ಕ್ಯಾಲೆಂಡರ್ ತೆಗೆದಳು. "ಇದನ್ನ ಡಾಕ್ಟರ್‌ಗೆ ತೋರಸಾಕ ತಂದಿದ್ದೆ ರೀ. ಅಳು ಬಂತು, ತೋರಸಲಿಲ್ಲ."

ನಾಲ್ಕು ತಿಂಗಳ ಹಾಳೆಗಳು. ಫಿಟ್ಸ್ ಬಂದ ದಿನದ ಮೇಲೆ ಕುಂಕುಮದ ಚುಕ್ಕೆ, ಮಗಳು ನಡೆಯುವಾಗ ಓಲಾಡಿದ ದಿನದ ಮೇಲೆ ಪೆನ್ಸಿಲಿನ ಗೀಟು. ಹಾಳೆಗಳನ್ನು ಒಂದು ದಿನದ ಮಟ್ಟಿಗೆ ನನ್ನ ಹತ್ತಿರ ಬಿಟ್ಟುಹೋಗಲು ಕೇಳಿದೆ. ಅವಳು ಸ್ವಲ್ಪ ಹಿಂದೆಮುಂದೆ ನೋಡಿ ಕೊಟ್ಟಳು. ಅವರು ಹೊರಡುವಾಗ, ಹಿಂದಿನ ದಿನದ ಫಿಟ್ಸಿನ ಸುಸ್ತು ಆರದ ಹುಡುಗಿ ಬಾಗಿಲ ಚೌಕಟ್ಟು ಹಿಡಿದುಕೊಂಡು ದಾಟಿದಳು.

ಚುಕ್ಕೆಗಳು ಎಲ್ಲೆಂದರಲ್ಲಿ ಬಿದ್ದಿರಲಿಲ್ಲ. ಮೂರು ನಾಲ್ಕು ದಿನ ಗುಂಪಾಗಿ, ಆಮೇಲೆ ಖಾಲಿ, ಆಮೇಲೆ ಗೀಟುಗಳು, ಮತ್ತೆ ಚುಕ್ಕೆಗಳು. ಊಟದ ಬಿಡುವಿನಲ್ಲಿ ಔಷಧ ವಿತರಣೆಯ ರಿಜಿಸ್ಟರ್ ತೆಗೆದು ಅವಳಿಗೆ ಬಾಟಲಿ ಕೊಟ್ಟ ದಿನಗಳನ್ನು ಪಕ್ಕದಲ್ಲಿ ಬರೆದುಕೊಂಡೆ. ಇನ್ನೂರು ಮಿಲಿ ಬಾಟಲಿ, ದಿನಕ್ಕೆ ಹದಿನಾರು ಮಿಲಿ. ಒಂದು ಬಾಟಲಿ ಹನ್ನೆರಡು ದಿನ ಬರುತ್ತದೆ. ಹೊಸ ಬಾಟಲಿ ತೆರೆದ ಮೂರನೇ ದಿನದಿಂದ ಆರನೇ ದಿನದವರೆಗೆ ಫಿಟ್ಸ್, ಕೊನೆಯ ಮೂರು ದಿನ ಓಲಾಟ. ಕಡಿಮೆ ಬಂದ ರಕ್ತದ ವರದಿ ಬಾಟಲಿಯ ನಾಲ್ಕನೇ ದಿನದ್ದು, ಹೆಚ್ಚು ಬಂದದ್ದು ಹನ್ನೆರಡನೇ ದಿನದ್ದು.

ಮೂರೂವರೆ ತಿಂಗಳು ಈ ಲೆಕ್ಕ ಕೂಡಿತು. ನಡುವಿನ ಒಂದು ಹದಿನೈದು ದಿನ ಮಾತ್ರ ಕೂಡಲಿಲ್ಲ. ಅಲ್ಲಿ ಚುಕ್ಕೆಯೂ ಇಲ್ಲ, ಗೀಟೂ ಇಲ್ಲ.

ಇಲ್ಲಿ ನಾನು ಎರಡು ದಿನ ಹಾಳುಮಾಡಿದೆ. ಬಾಟಲಿಗಳ ತಯಾರಿಕೆಯ ಬ್ಯಾಚ್ ಸಂಖ್ಯೆ ನೋಡಿದೆ. ಬೇರೆಬೇರೆ ಬ್ಯಾಚಿನವು, ಆದರೂ ತೊಂದರೆ ಒಂದೇ. ತೆರೆದಿಟ್ಟ ಔಷಧ ಅಡುಗೆಮನೆಯ ಸೆಕೆಗೆ ಕೆಡುತ್ತಿರಬಹುದೇ ಎಂದುಕೊಂಡೆ. ಕೆಡುವುದಾದರೆ ಬಾಟಲಿಯ ಕೊನೆಯಲ್ಲಿ ಫಿಟ್ಸ್ ಬರಬೇಕಿತ್ತು, ಇಲ್ಲಿ ಆರಂಭದಲ್ಲೇ ಬರುತ್ತಿತ್ತು. ಊರಿನಲ್ಲಿ ಬೇರೆ ಗುಳಿಗೆ, ಗಿಡಮೂಲಿಕೆ ಏನಾದರೂ ಕೊಡುತ್ತಾರೆಯೇ ಎಂದು ಫೋನಿನಲ್ಲಿ ಕೇಳಿದೆ. ಏನೂ ಇಲ್ಲ. ಹತ್ತೊಂಬತ್ತು ವರ್ಷ ಈ ಕೌಂಟರಿನಲ್ಲಿ ನಿಂತವಳಿಗೆ ಮೊದಲೇ ಹೊಳೆಯಬೇಕಾದದ್ದು ಹೊಳೆಯಲಿಲ್ಲ. ಬಾಟಲಿಯ ಮೇಲೆ ಅಚ್ಚಾಗಿರುವುದನ್ನು ಯಾರಾದರೂ ಪಾಲಿಸದೆ ಇರುತ್ತಾರೆ ಎಂಬ ಯೋಚನೆಯೇ ನನಗಿರಲಿಲ್ಲ.

ಮೂರನೇ ದಿನ ಮತ್ತೆ ಫೋನ್ ಮಾಡಿದೆ. "ಆ ಹದಿನೈದು ದಿನ ಏನಾಗಿತ್ತು? ಒಂದೂ ಚುಕ್ಕಿ ಇಲ್ಲಲಾ."

"ಆವಾಗ ಖಾನಾಪುರದಾಗ ತವರಮನ್ಯಾಗ ಇದ್ದೆ ರೀ. ತಂಗಿ ಬಾಣಂತನಕ್ಕ ಹೋಗಿದ್ದೆ. ಅಲ್ಲಿ ಹುಡುಗಿ ಚೆಂದ ಇದ್ಲು." ಅವಳ ದನಿ ತಗ್ಗಿತು. "ಅದಕ್ಕ ಅತ್ತಿ ಅಂತಾರ, ಈ ಮನಿ ಆಕಿಗೆ ಆಗಿಬರೂದಿಲ್ಲ, ಸಾಲಿ ಬಿಡಿಸಿ ಅಲ್ಲೇ ಬಿಟ್ಟು ಬಾ ಅಂತ. ಬರೂ ತಿಂಗಳ ಬಿಟ್ಟು ಬರೂದು ಅಂತ ಮಾತಾಗೇತಿ ರೀ."

"ತವರಿನ್ಯಾಗೂ ನೀವೇ ಔಷಧ ಕೊಡ್ತಿದ್ರಿ?"

"ಇಲ್ರಿ, ನಾ ಬಾಣಂತಿ ಕೋಣ್ಯಾಗ ಇರ್ತಿದ್ದೆ. ನಮ್ಮವ್ವ ಕೊಡ್ತಿದ್ಲು. ಆಕಿ ಎಲ್ಲಾ ಔಷಧಾನೂ ಗಡಗಡ ಅಳ್ಳಾಡಿಸಿ ಕೊಡೂಕಿ. ಬ್ಯಾಡವ್ವಾ ಅಂತ ಬೈದೆ, ಕೇಳಲಿಲ್ಲ."

ನಾನು ಕೂತಲ್ಲಿಂದ ಎದ್ದು ನಿಂತೆ. "ನೀವು ಅಳ್ಳಾಡಿಸೂದಿಲ್ಲ?"

"ಇಲ್ರಿ ಬಾಯಾರ. ನೀವೇ ಹೇಳಿದ್ರೆಲ್ಲಾ. ಮೊದಲನೇ ಬಾಟ್ಲಿ ಬಸ್‌ಸ್ಟ್ಯಾಂಡಿನ್ಯಾಗ ಒಡದು ಹೊಳ್ಳಿ ಬಂದಾಗ ನೀವೇ ಅಂದ್ರಿ, ಕಾಜಿನ ಬಾಟ್ಲಿ ಐತಿ, ಅಳ್ಳಾಡಿಸಬ್ಯಾಡ್ರಿ, ಜ್ವಾಪಾನ ಇಡ್ರಿ ಅಂತ."

ನನಗೆ ನೆನಪಿರಲಿಲ್ಲ. ಆದರೆ ಅದು ನನ್ನದೇ ಮಾತಿನ ಧಾಟಿ ಎಂದು ಗೊತ್ತಾಯಿತು. ಸರದಿಯಲ್ಲಿ ಜನ ನಿಂತಿದ್ದಾಗ, ಒಡೆದ ಬಾಟಲಿಯ ಬದಲು ಇನ್ನೊಂದು ಕೊಡುವಾಗ, ನಾನು ಹೇಳಿರಬಹುದಾದದ್ದೇ ಅದು. ದಾರಿಯಲ್ಲಿ ಜೋಪಾನ ಎಂಬುದು ನನ್ನ ಅರ್ಥ. ಅವಳು ಅದನ್ನು ಔಷಧದ ಪಥ್ಯವೆಂದು ತಿಳಿದು ನಾಲ್ಕು ತಿಂಗಳು ಚಾಚೂ ತಪ್ಪದೆ ಪಾಲಿಸಿದ್ದಳು.

ಆ ಗುಲಾಬಿ ದ್ರವದಲ್ಲಿ ಔಷಧ ಸಕ್ಕರೆಯಂತೆ ಕರಗಿರುವುದಿಲ್ಲ. ನುಣ್ಣನೆಯ ಪುಡಿಯಾಗಿ ತೇಲುತ್ತಿರುತ್ತದೆ. ಅಲುಗದೆ ನಿಂತ ಬಾಟಲಿಯಲ್ಲಿ ಪುಡಿ ನಿಧಾನವಾಗಿ ತಳಕ್ಕಿಳಿಯುತ್ತದೆ. ಬಳಸುವ ಮುನ್ನ ಕುಲುಕಿ ಎಂದು ಬಾಟಲಿಯ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿರುವುದು ಇದಕ್ಕೇ. ಮೇಲಿನ ಎಂಟು ಮಿಲಿಯಲ್ಲಿ ಔಷಧ ಕಡಿಮೆ, ಕೊನೆಯ ಎಂಟು ಮಿಲಿಯಲ್ಲಿ ಬಹಳ. ಹುಡುಗಿ ಮೊದಲ ವಾರ ಹೆಚ್ಚುಕಡಿಮೆ ಸಿಹಿನೀರು ಕುಡಿಯುತ್ತಿದ್ದಳು, ಕೊನೆಗೆ ತಳದ ಗಸಿ.

ಸಿಕ್ಕಿತು ಎಂಬ ಸಂತೋಷದಲ್ಲಿ ನಾನು ಇನ್ನೊಂದು ತಪ್ಪು ಮಾಡಿದೆ. "ಇವತ್ತಿನಿಂದ ಪ್ರತಿ ಸಲ ಚೊಲೋತ್ನಾಗಿ ಅಳ್ಳಾಡಿಸೇ ಕೊಡ್ರಿ," ಎಂದು ಹೇಳಿ ಫೋನ್ ಇಟ್ಟೆ. ಡಾಕ್ಟರು ಆ ವಾರ ಸಮ್ಮೇಳನಕ್ಕೆ ಹೋಗಿದ್ದರು. ಬಂದ ಮೇಲೆ ಹೇಳಿದರಾಯಿತು ಎಂದುಕೊಂಡೆ.

ನಾಲ್ಕನೇ ದಿನ ಬೆಳಿಗ್ಗೆ ಹುಡುಗಿಯನ್ನು ಅಪ್ಪ ಹೆಗಲ ಮೇಲೆ ಹಾಕಿಕೊಂಡು ತಂದ. ರಾತ್ರಿಯಿಂದ ವಾಂತಿ. ನಿಲ್ಲಿಸಿದರೆ ನಿಲ್ಲುತ್ತಿರಲಿಲ್ಲ. ಹೆಸರು ಕೇಳಿದರೆ ನಾಲಗೆ ಹೊರಳುತ್ತಿರಲಿಲ್ಲ. ಬೆರಳನ್ನು ಬದಿಗೆ ಸರಿಸಿ ತೋರಿಸಿದರೆ ಕಣ್ಣುಗುಡ್ಡೆಗಳು ಪಟಪಟ ಅದುರುತ್ತಿದ್ದವು. ರಕ್ತದ ಮಟ್ಟ ಮೂವತ್ತೆರಡು.

ತಾಯಿ ಓಪಿಡಿಯ ಕಟ್ಟೆಯ ಮೇಲೆ ಕೂತಿದ್ದಳು. ನನ್ನನ್ನು ಕಂಡು ಎದ್ದಳು. ಸಿಟ್ಟಾಗಲೂ ಅವಳಲ್ಲಿ ತ್ರಾಣವಿರಲಿಲ್ಲ. "ನೀವು ಹೇಳಿದಂಗ ಅಳ್ಳಾಡಿಸೇ ಕೊಟ್ಟೆ ರೀ. ಅಳ್ಳಾಡಿಸದಾಗ ಇಷ್ಟು ಎಂದೂ ಆಗಿದ್ದಿಲ್ಲ."

ಪಕ್ಕದಲ್ಲಿ ಅವಳ ಅತ್ತೆ ನಿಂತಿದ್ದರು. ಹಣೆಯ ಮೇಲೆ ವಿಭೂತಿ, ಕಟ್ಟುಮಸ್ತಾದ ಹೆಂಗಸು. "ಇನ್ನ ನಿಮ್ಮ ಔಷಧ ಸಾಕು ಬಿಡ್ರಿ," ಎಂದರು. "ಕೂಸು ಉಳದ್ರ ಸಾಕು."

ನಾನು ಉಗ್ರಾಣಕ್ಕೆ ಹೋಗಿ ಬಾಗಿಲು ಹಾಕಿಕೊಂಡೆ. ಎಲ್ಲಿ ತಪ್ಪಿತು ಎಂಬುದು ತಿಳಿಯಬೇಕಿತ್ತು. ಕಪಾಟಿನಲ್ಲಿ ಬಹಳ ದಿನದಿಂದ ನಿಂತಿದ್ದ ಅದೇ ಔಷಧದ ಬಾಟಲಿಯೊಂದನ್ನು ಅಲುಗಿಸದೆ ಇಳಿಸಿ, ಮೇಲಿನ ಅರ್ಧವನ್ನು ಒಂದು ಗಾಜಿನ ಅಳತೆ ಕೊಳವೆಗೆ ಮೆಲ್ಲಗೆ ಬಗ್ಗಿಸಿದೆ. ಉಳಿದರ್ಧವನ್ನು ಚೆನ್ನಾಗಿ ಕುಲುಕಿ ಇನ್ನೊಂದು ಕೊಳವೆಗೆ ಸುರಿದೆ. ಬಾಟಲಿ ಕಂದು ಗಾಜಿನದಾದ್ದರಿಂದ ಒಳಗೆ ನಡೆಯುವುದು ಹೊರಗೆ ಕಾಣುವುದಿಲ್ಲ. ಕೊಳವೆಗಳಲ್ಲಿ ಕಂಡಿತು. ಮೊದಲನೆಯದು ನೀರಾದ ಶರಬತ್ತಿನ ಹಾಗೆ ತೆಳ್ಳಗಿತ್ತು. ಎರಡನೆಯದು ಕಲಸಿದ ಸುಣ್ಣದ ಹಾಗೆ ಮಂದವಾಗಿತ್ತು.

ನಾನು ಫೋನ್ ಮಾಡಿದಾಗ ಆ ಬಾಟಲಿ ಏಳನೇ ದಿನದಲ್ಲಿತ್ತು. ಮೇಲಿನ ತೆಳು ಭಾಗವನ್ನು ಹುಡುಗಿ ಆಗಲೇ ಕುಡಿದು ಮುಗಿಸಿದ್ದಳು. ಉಳಿದ ಅರ್ಧದಲ್ಲಿ ಇರಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಪುಡಿ ಇತ್ತು. ಕುಲುಕಿದ್ದರಿಂದ ಆ ಹೆಚ್ಚುವರಿ ಔಷಧವೆಲ್ಲ ಆ ದಿನದಿಂದಲೇ ಪ್ರತಿ ಗುಟುಕಿನಲ್ಲೂ ಸೇರಿತು. ಹಳೆಯ ಬಾಟಲಿಯನ್ನು ಚೆಲ್ಲಿ, ಹೊಸದನ್ನು ಮೊದಲ ದಿನದಿಂದ ಕುಲುಕಿ ಕೊಡಿ ಎಂದು ನಾನು ಹೇಳಬೇಕಿತ್ತು.

ಡಾಕ್ಟರು ಆ ದಿನ ಮಧ್ಯಾಹ್ನ ಹಿಂತಿರುಗಿದರು. ಅವರ ಕೈಯಲ್ಲಿ ಹೊಸ ವರದಿ ಇತ್ತು. ವಾರ್ಡಿನ ಕಾರಿಡಾರಿನಲ್ಲಿ ನರ್ಸಿಗೆ ಹೇಳುತ್ತಿದ್ದುದು ಕೇಳಿಸಿತು: "ಈ ತಾಯಿಗೆ ಔಷಧ ಕೈಗೆ ಕೊಡೋ ಹಾಗೇ ಇಲ್ಲ. ಮಕ್ಕಳ ರಕ್ಷಣಾ ಸಮಿತಿಗೆ ಒಂದು ಪತ್ರ ಬರೀಬೇಕಾಗುತ್ತೇನೋ."

ಅಲ್ಲಿಯವರೆಗೆ ನನ್ನೊಳಗೆ ಒಂದು ಲೆಕ್ಕ ನಡೆದಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಬಾಟಲಿಯ ಪುಡಿ ತಳಕ್ಕಿಳಿಯುತ್ತದೆ ಎಂದಷ್ಟೇ ಹೇಳಿದರೂ ವಿಷಯ ಬಗೆಹರಿಯುತ್ತಿತ್ತು. ಅಲ್ಲಾಡಿಸಬೇಡಿ ಎಂದದ್ದು ನಾನು, ಅರ್ಧ ಬಾಟಲಿಯನ್ನು ಕುಲುಕಿ ಕೊಡಿ ಎಂದದ್ದೂ ನಾನು ಎಂಬುದು ಹೊರಗೆ ಬರಬೇಕಾದ್ದೇನೂ ಇರಲಿಲ್ಲ. ಆದರೆ ಪತ್ರದ ಮಾತು ಕಿವಿಗೆ ಬಿದ್ದ ಮೇಲೆ ಆ ಲೆಕ್ಕ ನಿಂತುಹೋಯಿತು.

ಎರಡು ಕೊಳವೆಗಳನ್ನೂ ಕ್ಯಾಲೆಂಡರಿನ ಹಾಳೆಗಳನ್ನೂ ರಿಜಿಸ್ಟರನ್ನೂ ಡಾಕ್ಟರ ಮೇಜಿನ ಮೇಲಿಟ್ಟು ಮೊದಲಿನಿಂದ ಹೇಳಿದೆ. ಅವರು ಮಂದವಾದ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ನನ್ನನ್ನ ಕೇಳದೆ ಫೋನಲ್ಲಿ ಹೇಳಬಾರದಿತ್ತು," ಎಂದರು.

"ಹೌದು ಸರ್."

"ಮಗುಗೆ ಏನಾದ್ರೂ ಆಗಿದ್ರೆ?"

ಕೊಳವೆಯನ್ನು ಮೇಜಿನ ಮೇಲಿಟ್ಟು ಅವರೇ ಮುಂದುವರಿಸಿದರು. "ನಾನೂ ಅಷ್ಟೇ. ಎರಡು ವರದಿ ನೋಡಿ ತಾಯಿ ಮೇಲೆ ಹಾಕಿಬಿಟ್ಟೆ. ಬಾಟಲಿ ನೋಡ್ಬೇಕು ಅಂತ ಅನ್ನಿಸ್ಲೇ ಇಲ್ಲ. ನಡೆದದ್ದನ್ನೆಲ್ಲ ಬರೆದುಕೊಡಿ. ಫೈಲಿಗೆ ಹಾಕೋಣ."

ಒಂದೂವರೆ ಪುಟ ಬರೆದೆ. ಆಸ್ಪತ್ರೆಯ ಔಷಧ ಸಮಿತಿ ನನ್ನನ್ನು ಕರೆದು ಲಿಖಿತ ಎಚ್ಚರಿಕೆ ಕೊಟ್ಟಿತು. ಅದು ನ್ಯಾಯವೇ ಆಗಿತ್ತು.

ಹುಡುಗಿಗೆ ಔಷಧವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ದಿನಕ್ಕೊಮ್ಮೆ ರಕ್ತ ತೆಗೆದು ಮಟ್ಟ ನೋಡುತ್ತಿದ್ದರು. ನಡುವೆ ಫಿಟ್ಸ್ ಬಂದರೆ ಮೂಗಿಗೆ ಸಿಂಪಡಿಸುವ ಔಷಧ ಹಾಸಿಗೆಯ ಪಕ್ಕದಲ್ಲೇ ಸಿದ್ಧವಿತ್ತು. ಮೊದಲ ದಿನ ಮೂವತ್ತೆರಡು, ಮರುದಿನ ಇಪ್ಪತ್ತೆಂಟು. ಮಟ್ಟ ಹೆಚ್ಚಿದ್ದಾಗ ಯಕೃತ್ತು ಮಿತಿಯಲ್ಲೇ ಕೆಲಸ ಮಾಡುವುದರಿಂದ ಇಳಿಯುವುದೂ ನಿಧಾನ. ಮೂರನೇ ದಿನ ಇಪ್ಪತ್ತೆರಡು. ಅಂದು ಅವಳು ಗೋಡೆ ಹಿಡಿದು ಶೌಚಾಲಯಕ್ಕೆ ನಡೆದಳು. ನಾಲ್ಕನೇ ದಿನ ಹದಿನಾರಕ್ಕೆ ಬಂತು.

ಆ ಸಂಜೆ ಡಾಕ್ಟರು ತಾಯಿ, ಅಪ್ಪ, ಅತ್ತೆ ಮೂವರನ್ನೂ ಕೋಣೆಗೆ ಕರೆಸಿದರು. ನನ್ನನ್ನೂ ಕೂರಿಸಿಕೊಂಡರು. ನಾನು ಕೊಳವೆಗಳನ್ನು ತೋರಿಸಿ, ಹೇಗಾಯಿತೆಂದು ವಿವರಿಸಿದೆ. ನಾನು ಹೇಳಿದ್ದು ತಪ್ಪು, ನಿಮ್ಮ ಸೊಸೆ ನನ್ನ ಮಾತನ್ನು ಒಂದಿಷ್ಟೂ ಮೀರಿಲ್ಲ ಎಂದು ಅತ್ತೆಗೆ ಹೇಳಿದೆ. ಡಾಕ್ಟರು ಫೈಲ್ ತೆರೆದು ತಾವು ಬರೆದಿದ್ದ ಸಾಲಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಇನ್ನೊಂದು ಸಾಲು ಬರೆದು ಸಹಿ ಹಾಕಿದರು.

ತಾಯಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. "ಅದರಾಗ ಏನ್ ಬರದಿತ್ರಿ?" ಎಂದು ನನ್ನನ್ನು ಕೇಳಿದಳು. ಓದಿ ಹೇಳಿದೆ. "ಈಗೇನ್ ಬರದ್ರು?" ಅದನ್ನೂ ಓದಿದೆ: ತಾಯಿ ಹೇಳಿದ ಪ್ರಕಾರ ತಪ್ಪದೆ ಔಷಧ ಕೊಟ್ಟಿದ್ದಾರೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅತ್ತೆ ಕೊಳವೆಯನ್ನೇ ನೋಡುತ್ತಿದ್ದರು. "ಹಂಗಾರ ನಮ್ಮ ಮನ್ಯಾಗ ಏನೂ ದೋಷ ಇಲ್ಲಲಾ?" ಎಂದರು. ಇಷ್ಟು ದಿನ ಆ ಹೆಂಗಸು ಮೊಮ್ಮಗಳನ್ನು ದೂರ ಕಳಿಸಲು ನೋಡಿದ್ದು ಸೊಸೆಯ ಮೇಲಿನ ಸಿಟ್ಟಿಗಲ್ಲ, ಸ್ವಂತ ಮನೆಯ ಮೇಲಿನ ಭಯಕ್ಕೆ ಎಂಬುದು ನನಗೆ ಆಗ ತಿಳಿಯಿತು.

"ಇಲ್ರಿ ಆಯಿ," ಎಂದೆ. "ದೋಷ ಇದ್ದದ್ದು ನನ್ನ ಮಾತಿನ್ಯಾಗ."

ದ್ರವ ಔಷಧವನ್ನೇ ಬಿಟ್ಟು ಗುಳಿಗೆಗೆ ಹೋಗೋಣ ಎಂಬುದು ಡಾಕ್ಟರ ತೀರ್ಮಾನ. ಐವತ್ತು ಮಿಲಿಗ್ರಾಂ ಗುಳಿಗೆ, ಬೆಳಿಗ್ಗೆ ಒಂದು, ರಾತ್ರಿ ಒಂದು. ಗುಳಿಗೆಯಲ್ಲಿರುವುದು ಅದೇ ಔಷಧದ ಲವಣರೂಪವಾದ್ದರಿಂದ ಲೆಕ್ಕ ಸ್ವಲ್ಪ ಬೇರೆ. ಹಾಗೆ ನೋಡಿದರೂ ಮೊದಲು ಬರೆದಿದ್ದ ಪ್ರಮಾಣಕ್ಕೆ ಸರಿಸುಮಾರು ಸಮನಾಗುತ್ತಿತ್ತು. ಎರಡನೇ ಔಷಧದ ಮಾತು ಬಿಟ್ಟುಹೋಯಿತು. ಉಳಿದದ್ದು ಒಂದೇ ಪ್ರಶ್ನೆ, ಹುಡುಗಿ ನುಂಗಬೇಕಲ್ಲ.

ಅವಳ ಕಾಲು ಗಟ್ಟಿಯಾಗಿ, ಊಟ ನೀರು ಸರಾಗವಾಗಿ ಇಳಿಯತೊಡಗಿದ ಮೇಲೆ ಆ ಕೆಲಸವನ್ನು ನಾನು ಕೇಳಿ ಪಡೆದೆ. ದಿನಕ್ಕೆ ಎರಡು ಸಲ, ಹತ್ತತ್ತು ನಿಮಿಷ. ಮೊದಲು ನೆನೆಸಿದ ಸಾಬೂದಾಣಿಯ ಒಂದು ಕಾಳು. ನಾಲಗೆಯ ನಡುವೆ ಇಟ್ಟು, ನೀರು ತುಂಬಿಕೊಂಡು, ತಲೆಯನ್ನು ಹಿಂದಕ್ಕೆ ಎತ್ತದೆ ನೇರವಾಗಿಟ್ಟು ನುಂಗಬೇಕು. ಮೊದಲ ಕಾಳನ್ನು ಉಗುಳಿದಳು. ಎರಡನೆಯದನ್ನೂ ಉಗುಳಿದಳು. ಮೂರನೆಯದು ಹೋದದ್ದು ಅವಳಿಗೇ ಗೊತ್ತಾಗಲಿಲ್ಲ. ಬಾಯಿ ತೆರೆದು, ನಾಲಗೆ ಎತ್ತಿ ಹುಡುಕಿದಳು. ಮರುದಿನ ಬಣ್ಣದ ಸಕ್ಕರೆ ಹಚ್ಚಿದ ಬಡೀಸೋಪು. ಅದರ ಮರುದಿನ ಗುಳಿಗೆಯ ಗಾತ್ರದ, ಬಾಯಲ್ಲಿ ಕರಗಿಹೋಗುವ ಪೆಪ್ಪರಮಿಂಟಿನ ತುಂಡು.

"ಇದು ಸಿಕ್ಕೊಂಡ್ರ?" ಎಂದು ಕೇಳಿದಳು.

"ಸಿಕ್ಕೊಂಡ್ರ ಕರಗತೈತಿ. ನಾ ಇಲ್ಲೇ ಇರ್ತೇನಿ."

ನುಂಗಿದಳು. ಆಮೇಲೆ ಇನ್ನೊಂದು ಕೇಳಿದಳು, ಈ ಸಲ ನುಂಗಲಿಕ್ಕಲ್ಲ.

ಮನೆಗೆ ಹೋಗುವ ದಿನ ಅವಳು ನಿಜವಾದ ಗುಳಿಗೆಯನ್ನು ನರ್ಸಿನ ಎದುರು ನುಂಗಿ ತೋರಿಸಿದಳು.

ಅದೇ ವಾರ ರಿಜಿಸ್ಟರಿನಲ್ಲಿ ಈ ದ್ರವ ಔಷಧ ಒಯ್ಯುತ್ತಿದ್ದ ಎಲ್ಲ ಮನೆಗಳಿಗೂ ಫೋನ್ ಮಾಡಿದೆ. ಇನ್ನೂ ಕೆಲವರು ಅಲ್ಲಾಡಿಸುತ್ತಿರಲಿಲ್ಲ. ಅವರಿಗೆಲ್ಲ ಅರ್ಧವಾದ ಬಾಟಲಿಯನ್ನು ಕುಲುಕಬೇಡಿ, ತಂದುಕೊಟ್ಟು ಹೊಸದು ಒಯ್ಯಿರಿ ಎಂದು ಹೇಳಿದೆ. ಆದರೆ ಹೊಸದು ಬರುವವರೆಗೆ ಒಂದು ಹೊತ್ತಿನ ಔಷಧವನ್ನೂ ಬಿಡಬಾರದು, ಅದೇ ದಿನ ಬನ್ನಿ ಎಂದೂ ಹೇಳಿದೆ. ಡಾಕ್ಟರ ಒಪ್ಪಿಗೆ ಈ ಸಲ ಮೊದಲೇ ತೆಗೆದುಕೊಂಡಿದ್ದೆ. ಕನ್ನಡದಲ್ಲೂ ಮರಾಠಿಯಲ್ಲೂ ದೊಡ್ಡಕ್ಷರದ ಚೀಟಿ ಮಾಡಿಸಿದೆವು. ಚೀಟಿ ಅಂಟಿಸಿದ ಮೇಲೂ, ಒಯ್ಯುವವರ ಕೈಯಲ್ಲೇ ಬಾಟಲಿ ಕೊಟ್ಟು ಒಮ್ಮೆ ಕುಲುಕಿಸಿ ನೋಡುವುದು ರೂಢಿಯಾಯಿತು.

ಒಂದು ಶನಿವಾರ ರಜೆ ಹಾಕಿ, ಹಿಂಡಲಗಾದ ನನ್ನ ಮನೆಯಿಂದ ಬೆಳಕು ಹರಿಯುವ ಹೊತ್ತಿಗೇ ಹೊರಟೆ. ಖಾನಾಪುರದಲ್ಲಿ ಬಸ್ಸು ಬದಲಿಸಿ ಪಾರಿಶ್ವಾಡ ಮುಟ್ಟಿದೆ. ಹುಡುಗಿಯನ್ನು ಮತ್ತೆ ಶಾಲೆಗೆ ಕರೆದುಕೊಳ್ಳಲು ಮುಖ್ಯೋಪಾಧ್ಯಾಯಿನಿ ಹಿಂಜರಿಯುತ್ತಿದ್ದರು. ಅವರ ಹೆದರಿಕೆ ಸುಳ್ಳಿನದಲ್ಲ. ತರಗತಿಯಲ್ಲಿ ಹುಡುಗಿ ಬಿದ್ದು ಒದ್ದಾಡಿದ್ದನ್ನು ಅವರು ಕಂಡಿದ್ದರು.

"ಆವಾಗ ಕೈಯಾಗ ಕೀಲಿಕೈ ಕೊಟ್ವಿ, ಬಾಯಾಗ ಚಮಚಾ ಇಟ್ವಿ. ಮತ್ತೇನ್ ಮಾಡಬೇಕಿತ್ತು ಹೇಳ್ರಿ?" ಎಂದು ಕೇಳಿದರು.

ಬಾಯಲ್ಲಿ ಏನೂ ಇಡಬಾರದು, ಮಗ್ಗುಲಿಗೆ ಮಲಗಿಸಬೇಕು, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಬೇಕು, ಗಡಿಯಾರ ನೋಡಬೇಕು, ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಬೇಕು ಎಂದೆ. ಒಬ್ಬ ಶಿಕ್ಷಕಿಯನ್ನು ನೆಲದ ಮೇಲೆ ಮಲಗಲು ಹೇಳಿ ಉಳಿದವರಿಂದ ಮಾಡಿಸಿದೆ. ಮುಖ್ಯೋಪಾಧ್ಯಾಯಿನಿ ಅದನ್ನು ಹಾಜರಿ ಪುಸ್ತಕದ ಹಿಂದಿನ ರಟ್ಟಿನ ಮೇಲೆ ತಾವೇ ಬರೆದುಕೊಂಡರು. ಸೋಮವಾರದಿಂದ ಕಳಿಸಿ ಎಂದರು.

ಮೂರು ವಾರದ ನಂತರದ ರಕ್ತ ಪರೀಕ್ಷೆಯಲ್ಲಿ ಮಟ್ಟ ಹದಿನಾಲ್ಕು ಇತ್ತು. ಆಮೇಲೂ ಒಂದು ಸಲ, ಜ್ವರ ಬಂದಾಗ, ಅವಳಿಗೆ ಚಿಕ್ಕದೊಂದು ಫಿಟ್ಸ್ ಬಂತು. ಔಷಧವೆಂದರೆ ರೋಗವನ್ನು ಬೇರುಸಹಿತ ಕಿತ್ತುಹಾಕುವುದಲ್ಲ, ತಡೆದಿಡುವುದು ಎಂದು ಡಾಕ್ಟರು ಮನೆಯವರಿಗೆ ಬಿಡಿಸಿ ಹೇಳಿದರು. ಎರಡು ಮೂರು ವರ್ಷ ಏನೂ ಬರದಿದ್ದರೆ ನಿಧಾನವಾಗಿ ಇಳಿಸಿ ನೋಡೋಣ, ನಡುವೆ ಯಾರ ಮಾತಿಗೂ ಒಮ್ಮೆಲೇ ನಿಲ್ಲಿಸಬೇಡಿ ಎಂದರು.

ಈ ವರ್ಷದ ಶಾಲೆ ಶುರುವಾಗುವ ಮುಂಚೆ ತಾಯಿ-ಮಗಳು ಬಂದಿದ್ದರು. ಗುಳಿಗೆಯ ಪಟ್ಟಿಗಳನ್ನು ಎಣಿಸಿ ಕೊಡುವಾಗ ಹುಡುಗಿ ಕೌಂಟರಿನ ಕಟ್ಟೆಗೆ ಗದ್ದ ಊರಿ ನಿಂತಿದ್ದಳು. ಈಗ ಅವಳು ಅಷ್ಟು ಎತ್ತರವಾಗಿದ್ದಳು.

"ಬಾಯಾರ, ಇದು ಒಳಗ ಹೋಗಿ ಏನ್ ಮಾಡತೈತಿ?"

ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಇದನ್ನು ಕೇಳಿರಲಿಲ್ಲ. ಎಷ್ಟು ಹೊತ್ತಿಗೆ, ಊಟದ ಮೊದಲೋ ನಂತರವೋ ಎಂದಷ್ಟೇ ಕೇಳುತ್ತಾರೆ. ಹಿಂದೆ ಸರದಿಯಿತ್ತು, ಆದರೂ ಹೇಳಿದೆ.

"ನಮ್ಮ ತಲ್ಯಾಗ ಸಣ್ಣ ಸಣ್ಣ ನರ ಇರ್ತಾವ. ಒಂದಕ್ಕೊಂದು ಸುದ್ದಿ ಹೇಳ್ತಿರ್ತಾವ, ಪಾಳಿ ಪ್ರಕಾರ. ಫಿಟ್ಸ್ ಬಂದಾಗ ಎಲ್ಲಾವೂ ಕೂಡೇ ಒದರಾಕ ಹತ್ತತಾವ, ನಿಲ್ಲೂದಾ ಇಲ್ಲ. ಈ ಔಷಧ ಏನ್ ಮಾಡತೈತಿ ಅಂದ್ರ, ಸುಮ್ನ ಮಾತಾಡೂದನ್ನ ತಡಿಯೂದಿಲ್ಲ. ಒಂದೇಸವನ ಒದರೂದನ್ನ ಅಷ್ಟ ತಡೀತೈತಿ. ಒಂದ್ಸಲ ಒದರಿದ್ದು ಹೊಳ್ಳಿ ಒದರೂಕ ಮುಂಚೆ ಸ್ವಲ್ಪ ಸುಮ್ನ ಕುಂದರಸತೈತಿ."

ಹುಡುಗಿ ಯೋಚಿಸಿದಳು. "ನಮ್ಮ ಸಾಲಿ ಬಾಯಾರ ಕ್ಲಾಸಿಗೆ ಬಂದಂಗ."

"ಹಂಗಾ."

"ಅವರು ಒಂದಿನ ಬರಲಿಲ್ಲಂದ್ರ ಭಾಳ ಗದ್ದಲ ಆಗತೈತ್ರಿ."

"ಅದಕ್ಕಾ ದಿನಾ ತಗೋಬೇಕು."

"ಗೊತ್ತೈತಿ," ಎಂದಳು, ತನಗೆ ಅಷ್ಟೂ ತಿಳಿಯುವುದಿಲ್ಲವೇ ಎಂಬ ಹಾಗೆ. ಪಟ್ಟಿಗಳನ್ನು ತಾನೇ ಇನ್ನೊಮ್ಮೆ ಎಣಿಸಿ, ತಾಯಿಯ ಚೀಲಕ್ಕೆ ಹಾಕದೆ ತನ್ನ ಚೀಲಕ್ಕೆ ಹಾಕಿಕೊಂಡಳು. ಖಾನಾಪುರದ ಬಸ್ಸಿಗೆ ಹೊತ್ತಾಯಿತೆಂದು ತಾಯಿ ಅವಸರ ಮಾಡುತ್ತಿದ್ದಳು. ಇಬ್ಬರೂ ಮೆಟ್ಟಿಲಿಳಿದರು, ಹುಡುಗಿ ಎರಡೆರಡು ಮೆಟ್ಟಿಲು ಹಾರಿ ಮುಂದೆ.